ಕೊರಳಿನ ಹುಟ್ಟುಗಂಟು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ ನಾನು ಶಾಲೆಯ ನೆನಪುಗಳನ್ನು ಹೇಳುತ್ತೇನೆ ಅಂದೆ. "ನೆನಪು ಹೇಳೋಕೆ ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ ಸಾರ್, ನೀವು ನಿಮ್ಮ ಕೆಲಸದ ಬಗ್ಗೆ ಹೇಳಿ, ಊರಿನವರಿಗೆ ಉಪಯೋಗ ಆಗಲಿ" ಅಂದರು. ನಾನು ತಲೆ ಮತ್ತು ಕತ್ತಿನ ಕ್ಯಾನ್ಸರ್ ಆಪರೇಷನ್ ಮಾಡುವವನು. ಆ ಕೆಲಸವೆಲ್ಲ ಅರ್ಧ ಗಂಟೆಯಲ್ಲಿ ಹೇಳುವಂಥದ್ದಲ್ಲ. ಆದ್ದರಿಂದ ಒಂದೇ ಒಂದು ಗಂಟನ್ನು ಆರಿಸಿಕೊಂಡು ಬಂದಿದ್ದೇನೆ. ಅಪರೂಪದ ಕಾಯಿಲೆ. ಇಲ್ಲಿ ಕೂತಿರುವವರಲ್ಲಿ ಯಾರಿಗೂ ಅದು ಬರದೆಯೇ ಇರಬಹುದು. ಆದರೂ ಅದನ್ನೇ ಏಕೆ ಆರಿಸಿದೆ ಅನ್ನುವುದು ಕೇಳುತ್ತ ಹೋದಂತೆ ತಿಳಿಯುತ್ತದೆ.

ನಮ್ಮೂರಿನಲ್ಲಿ ಈ ಮಾತು ಶುರು ಮಾಡುವುದಕ್ಕೇ ಒಂದು ತೊಡಕಿದೆ. ಕನ್ನಡದಲ್ಲಿ ಗಂಟು ಅನ್ನುತ್ತೇವೆ, ತಮಿಳಿನಲ್ಲಿ ಕಟ್ಟಿ, ತೆಲುಗಿನಲ್ಲಿ ಗಡ್ಡ. ಬೇತಮಂಗಲ ಕಡೆಯ ಅಜ್ಜಿಯೊಬ್ಬರು "ಗಡ್ಡ ಬಂದೈತೆ ಡಾಕ್ಟ್ರೇ" ಅಂದಾಗ, ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಜೂನಿಯರ್ ಡಾಕ್ಟರು ಅಜ್ಜಿಯ ಗಲ್ಲವನ್ನೇ ದಿಟ್ಟಿಸಿ ನೋಡುತ್ತ ನಿಂತಿದ್ದ. ಯಾವ ಭಾಷೆಯಲ್ಲಿ ಹೇಳಿದರೂ ಕೈ ಮಾತ್ರ ಕೊರಳಿಗೇ ಹೋಗುತ್ತದೆ.

ಕೊರಳಿನ ಗಂಟು ಅಂದ ತಕ್ಷಣ ಹೆದರಬೇಡಿ. ಮಕ್ಕಳಿಗೆ ನೆಗಡಿ, ಗಂಟಲುನೋವು, ಹುಳುಕು ಹಲ್ಲು ಇದ್ದರೆ ಕತ್ತಿನಲ್ಲಿ ಸಣ್ಣ ಗಂಟುಗಳು ಏಳುತ್ತವೆ, ಇಳಿಯುತ್ತವೆ. ಕ್ಷಯದಿಂದಲೂ ಗಂಟು ಬರುತ್ತದೆ, ಹಿರಿಯರು ಅದನ್ನೇ ಗಂಡಮಾಲೆ ಅನ್ನುತ್ತಿದ್ದರು. ಅದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತದೆ. ಥೈರಾಯ್ಡ್ ಗ್ರಂಥಿ ಊದಿಕೊಂಡರೆ ಗಳಗಂಡ. ಕೋಲಾರ ಜಿಲ್ಲೆಯವರಾದ ನಮಗೆ ಇನ್ನೊಂದು ಇದೆ: ದವಡೆಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಂಡು ಮಲಗುವ ಅಭ್ಯಾಸದಿಂದ ಕೆನ್ನೆಯೊಳಗೆ ಕ್ಯಾನ್ಸರ್ ಆಗಿ, ಅದು ಕೊರಳಿಗೆ ಇಳಿದು ಗಂಟಾಗುವುದು. ನನ್ನ ಕೆಲಸದ ದಿನಗಳಲ್ಲಿ ಹೆಚ್ಚಿನವು ಅದಕ್ಕೇ ಹೋಗುತ್ತವೆ. ಅದರ ಬಗ್ಗೆ ಹೋದ ವರ್ಷ ಇದೇ ಊರಿನಲ್ಲಿ ಮಾತಾಡಿದ್ದೇನೆ, ಇವತ್ತು ಬಿಡೋಣ.

ಇವತ್ತಿನದು ಹುಟ್ಟುಗಂಟು. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ನಾಲ್ಕು ವಾರ ಆಗುವ ಹೊತ್ತಿಗೆ ಥೈರಾಯ್ಡ್ ಗ್ರಂಥಿ ಹುಟ್ಟಿಕೊಳ್ಳುತ್ತದೆ. ಎಲ್ಲಿ ಹುಟ್ಟುತ್ತದೆ ಅಂತ ಕೇಳಿದರೆ ಎಲ್ಲರೂ ಕೊರಳು ತೋರಿಸುತ್ತೀರಿ. ಅಲ್ಲ, ನಾಲಿಗೆಯ ಬುಡದಲ್ಲಿ. ಅಲ್ಲಿಂದ ಅದು ಕೆಳಗೆ ಇಳಿಯುತ್ತ ಏಳನೆಯ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇಳಿದ ದಾರಿ ಒಂದು ಸಣ್ಣ ಕೊಳವೆ. ಹತ್ತನೆಯ ವಾರದ ಹೊತ್ತಿಗೆ ಅದು ತಾನಾಗಿ ಮುಚ್ಚಿ ಹೋಗಬೇಕು. ನೂರರಲ್ಲಿ ಸುಮಾರು ಏಳು ಜನರಲ್ಲಿ ಅದರ ಚೂರುಪಾರು ಉಳಿದುಬಿಡುತ್ತದೆ, ಹೆಚ್ಚಿನವರಿಗೆ ಅದು ಸಾಯುವ ತನಕ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಅಲ್ಲಿ ಲೋಳೆಯಂಥ ನೀರು ತುಂಬಿ, ಕೊರಳಿನ ನಟ್ಟನಡುವೆ ನೆಲ್ಲಿಕಾಯಿಯಷ್ಟು ಗಂಟು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಥೈರೋಗ್ಲಾಸಲ್ ಸಿಸ್ಟ್ ಅಂತ ಹೆಸರು. ಹೆಸರು ಮರೆತರೂ ಪರವಾಗಿಲ್ಲ.

ಗಣಿಯವರ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಶಾಫ್ಟಿನಲ್ಲಿ ಕೇಜ್ ಇಳಿದು ಕೆಳಗೆ ನಿಂತಿತು, ಮೇಲಿನ ಶಾಫ್ಟನ್ನು ಮುಚ್ಚಲಿಲ್ಲ, ಅದರೊಳಗೆ ನೀರು ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ, ಪಂಪುಗಳು ನಿಂತ ಮೇಲೆ ಒಳಗೆ ನೀರು ಏರಿದ್ದನ್ನು ನೀವೆಲ್ಲ ಬಲ್ಲಿರಿ. ಬಕೆಟ್ಟಿನಲ್ಲಿ ಎತ್ತಿದರೆ ಮುಗಿಯುವ ನೀರು ಅದಲ್ಲ. ಕೊರಳಿನ ಈ ಗಂಟಿಗೂ ಅದೇ ಮಾತು: ಸೂಜಿ ಚುಚ್ಚಿ ನೀರು ತೆಗೆದರೆ ಮತ್ತೆ ತುಂಬುತ್ತದೆ, ಕೊಯ್ದು ಬಿಟ್ಟರೆ ಅಲ್ಲಿ ತೂತು ಉಳಿದು ವರ್ಷಗಟ್ಟಲೆ ಒಸರುತ್ತದೆ. ಸುಣ್ಣ ಬೆಲ್ಲ ಹಚ್ಚಿದವರು, ಬರೆ ಹಾಕಿಸಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ಚರ್ಮ ಸುಟ್ಟಿರುತ್ತದೆ, ಗಂಟು ಹಾಗೇ ಇರುತ್ತದೆ.

ಇದನ್ನು ಗುರುತಿಸುವುದು ಹೇಗೆ? ಗಂಟು ಕೊರಳಿನ ನಡುಗೆರೆಯಲ್ಲಿರುತ್ತದೆ. ಎಂಜಲು ನುಂಗಿದರೆ ಮೇಲೇರುತ್ತದೆ. ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿದರೂ ಮೇಲೇರುತ್ತದೆ, ಏಕೆಂದರೆ ಅದರ ಬೇರು ನಾಲಿಗೆಯ ಬುಡದಲ್ಲಿದೆ. (ಸಾಕು ಮಕ್ಕಳೇ, ನಾಲಿಗೆ ಒಳಗೆ ಹಾಕಿಕೊಳ್ಳಿ. ಹೆಡ್‌ಮಾಸ್ಟರು ನೋಡುತ್ತಿದ್ದಾರೆ.)

ಸರಿಯಾದ ಆಪರೇಷನ್ ಗೊತ್ತಾಗಿ ನೂರು ವರ್ಷದ ಮೇಲಾಯಿತು. 1893ರಲ್ಲಿ ಜರ್ಮನಿಯ ಶ್ಲಾಂಗೆ ಅನ್ನುವ ಸರ್ಜನ್, ಗಂಟಿನ ಜೊತೆಗೆ ಅದರ ಮೇಲಿರುವ ಹಯಾಯ್ಡ್ ಎಲುಬಿನ ನಡುಭಾಗವನ್ನೂ ತೆಗೆಯಬೇಕು ಅಂದರು. ಗಲ್ಲದ ಕೆಳಗೆ ಬೆರಳಿಟ್ಟು ಒತ್ತಿದರೆ ಸಿಗುವ, ಕುದುರೆಲಾಳದ ಆಕಾರದ ಸಣ್ಣ ಎಲುಬು ಅದು. ಕೊಳವೆ ಅದಕ್ಕೆ ಅಂಟಿಕೊಂಡೇ ಹೋಗಿರುತ್ತದೆ. 1920ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವಾಲ್ಟರ್ ಸಿಸ್ಟ್ರಂಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಲುಬಿನ ಮೇಲೆ ನಾಲಿಗೆಯ ಬುಡದವರೆಗೆ ಸ್ನಾಯುವಿನ ಒಂದು ತಿರುಳನ್ನೂ ಸೇರಿಸಿ ತೆಗೆಯಬೇಕು, ಕೊಳವೆಯನ್ನು ಹುಡುಕುತ್ತ ಕೂರಬಾರದು ಅಂತ ಬರೆದರು. ಕಣ್ಣಿಗೆ ಕಾಣದ ಕವಲುಗಳು ಆ ತಿರುಳಿನಲ್ಲಿ ಇರುತ್ತವೆ ಅನ್ನುವುದು ಅದರ ಗುಟ್ಟು. ಗಂಟನ್ನಷ್ಟೇ ತೆಗೆದರೆ ಹತ್ತಿರ ಹತ್ತಿರ ಅರ್ಧ ಜನರಲ್ಲಿ ಮರುಕಳಿಸುತ್ತದೆ. ಸಿಸ್ಟ್ರಂಕ್ ಹೇಳಿದಂತೆ ಮಾಡಿದರೆ ನೂರಕ್ಕೆ ಐದರ ಆಸುಪಾಸು. ಎಲುಬಿನ ಒಂದೂವರೆ ಸೆಂಟಿಮೀಟರ್ ಹೋದರೆ ನುಂಗುವುದಕ್ಕೆ, ಮಾತಿಗೆ ಏನೂ ತೊಂದರೆ ಆಗುವುದಿಲ್ಲ. ಎರಡು ಮೂರು ದಿನ ಗಂಟಲು ನೋಯುತ್ತದೆ, ಗಂಜಿ ಕುಡಿಯಬೇಕು, ಅಷ್ಟೇ. ಕುಯ್ದ ಗೆರೆ ಕೊರಳಿನ ಮಡಿಕೆಯೊಳಗೆ ಸೇರಿಹೋಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಆಪರೇಷನ್ನಿಗೆ ಮುಂಚೆ ಸ್ಕ್ಯಾನ್ ಮಾಡಿ, ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿ ಇದೆಯೇ ಅಂತ ನೋಡಬೇಕು. ಅಪರೂಪಕ್ಕೆ ಕೆಲವರಲ್ಲಿ ಗ್ರಂಥಿ ಕೆಳಗೆ ಇಳಿದೇ ಇರುವುದಿಲ್ಲ, ಗಂಟು ಅಂತ ಕಾಣುವುದೇ ಅವರ ಥೈರಾಯ್ಡ್ ಆಗಿರುತ್ತದೆ. ಅದನ್ನು ತೆಗೆದುಬಿಟ್ಟರೆ ಮಗುವಿಗೆ ಬದುಕೆಲ್ಲ ಮಾತ್ರೆ.

ಈಗ ಕ್ಯಾನ್ಸರಿಗೆ ಬರುತ್ತೇನೆ. ಆ ಕೊಳವೆಯ ಗೋಡೆಯಲ್ಲಿ ಥೈರಾಯ್ಡಿನ ಚೂರುಗಳು ಉಳಿದಿರುತ್ತವೆ. ಥೈರಾಯ್ಡಿನಲ್ಲಿ ಏನು ಆಗಬಹುದೋ ಅದು ಅಲ್ಲೂ ಆಗಬಹುದು. ಇಂಥ ನೂರು ಗಂಟುಗಳಲ್ಲಿ ಸುಮಾರು ಒಂದರಲ್ಲಿ ಕ್ಯಾನ್ಸರ್ ಸಿಗುತ್ತದೆ. ವೈದ್ಯರು ಇದನ್ನು ಮೊದಲು ದಾಖಲಿಸಿದ್ದು 1911ರಲ್ಲಿ. ಹತ್ತರಲ್ಲಿ ಎಂಟು ಒಂಬತ್ತು ಸಲ ಅದು ಪ್ಯಾಪಿಲರಿ ಅನ್ನುವ ಜಾತಿಯದು, ನಿಧಾನವಾಗಿ ಬೆಳೆಯುವಂಥದ್ದು, ಸರಿಯಾಗಿ ತೆಗೆದರೆ ಬಹುಪಾಲು ಎಲ್ಲರೂ ಬದುಕುತ್ತಾರೆ. ಮಕ್ಕಳಲ್ಲಿ ತೀರ ಅಪರೂಪ, ಹೆಚ್ಚಾಗಿ ಮೂವತ್ತು, ನಲವತ್ತು ದಾಟಿದವರಲ್ಲಿ ಕಾಣುತ್ತದೆ.

ತೊಂದರೆ ಏನೆಂದರೆ, ಹೊರಗಿನಿಂದ ನೋಡಿದರೆ ಎರಡು ಗಂಟೂ ಒಂದೇ. ಗಟ್ಟಿಯಾಗಿದ್ದರೆ, ಇದ್ದಕ್ಕಿದ್ದ ಹಾಗೆ ಬೆಳೆದರೆ, ಸ್ಕ್ಯಾನಿನಲ್ಲಿ ಒಳಗೆ ಗಟ್ಟಿ ಭಾಗವೋ ಸುಣ್ಣದ ಚುಕ್ಕೆಗಳೋ ಕಂಡರೆ ಅನುಮಾನ ಬರಬೇಕು. ಸೂಜಿಪರೀಕ್ಷೆ ಮಾಡಿದರೂ ಬರೀ ನೀರು ಬಂದು, ಸುಮಾರು ಅರ್ಧ ಸಲ ಕ್ಯಾನ್ಸರ್ ತಪ್ಪಿಸಿಕೊಳ್ಳುತ್ತದೆ. ಹೆಚ್ಚಿನ ಸಲ ಅದು ಗೊತ್ತಾಗುವುದು ಆಪರೇಷನ್ ಆದ ಮೇಲೆ, ತೆಗೆದ ಗಂಟನ್ನು ಪೆಥಾಲಜಿಯವರು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ. ನಮ್ಮಪ್ಪ ಗಣಿಯಲ್ಲಿದ್ದರು. ಟನ್ನುಗಟ್ಟಲೆ ಕಲ್ಲು ಮೇಲೆ ಬಂದರೆ ಅದರಲ್ಲಿ ಇರುತ್ತಿದ್ದುದು ಕೆಲವೇ ಗ್ರಾಂ ಚಿನ್ನ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಅಸ್ಸೇ ಆಫೀಸಿನಿಂದ ಚೀಟಿ ಬರುವ ತನಕ ಅದು ಕಲ್ಲು, ಚೀಟಿ ಬಂದ ಮೇಲೆ ಅದಿರು. ಗಂಟಿನ ವಿಷಯದಲ್ಲಿಯೂ ಆ ಚೀಟಿಯೇ ಎಲ್ಲ.

ಆ ಚೀಟಿ ಇಲ್ಲದೆ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಾಯಿಸಿದ್ದೇನೆ. ಇಪ್ಪತ್ತಾರು ವರ್ಷ. ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳಲ್ಲಿ ಒಬ್ಬಳು. ಚಿಕ್ಕಂದಿನಿಂದ ಕೊರಳಿನಲ್ಲಿ ಗಂಟು. ಎರಡು ಸಲ ಕೀವಾಗಿತ್ತು, ಎರಡು ಸಲವೂ ಯಾರೋ ಸೂಜಿಯಿಂದ ತೆಗೆದಿದ್ದರು. ಮದುವೆ ಮಾತು ಬಂದಾಗ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿಸಿದರು. ಗಂಟನ್ನಷ್ಟೇ ತೆಗೆದು, ಮೇಲೆ ಹೊಲಿಗೆ ಹಾಕಿ ಕಳಿಸಿದ್ದರು. ಒಂದೂವರೆ ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಗಂಟು.

ನಾನು ಕೇಳಿದ ಮೊದಲ ಪ್ರಶ್ನೆ: "ತೆಗೆದ ಗಂಟಿನ ರಿಪೋರ್ಟು ಎಲ್ಲಮ್ಮ?"

ಅವಳ ತಾಯಿ ಹೇಳಿದರು: "ರಿಪೋರ್ಟು ಏನಿಲ್ಲ ಸಾರ್. ಒಂದು ಸ್ಟೀಲ್ ತಟ್ಟೇಲಿ ಇಟ್ಕೊಂಡು ಬಂದು ತೋರ್ಸಿದ್ರು. ನೋಡಿ, ಇಷ್ಟೇ ಇದ್ದಿದ್ದು ಅಂದ್ರು. ಆಮೇಲೆ ಎಸೆದ್ರು ಅನ್ಸುತ್ತೆ."

ಪರೀಕ್ಷೆಗೆ ಬೇಕಾದದ್ದು ಫಾರ್ಮಾಲಿನ್ ಹಾಕಿದ ಒಂದು ಡಬ್ಬಿ, ಹೆಸರು ಬರೆದ ಚೀಟಿ, ಮತ್ತು ಪೆಥಾಲಜಿಯ ಫೀಸು. ಆಪರೇಷನ್ನಿನ ಖರ್ಚಿನ ಮುಂದೆ ಆ ಫೀಸು ಏನೇನೂ ಅಲ್ಲ. ಮನೆಯವರಿಗೆ ದುಡ್ಡು ಉಳಿಸೋಣ ಅಂತ ಬಿಟ್ಟರೋ, ಹುಟ್ಟುಗಂಟು ತಾನೇ ಅಂತ ಬಿಟ್ಟರೋ, ನಾನು ವಿಚಾರಿಸಲು ಹೋಗಲಿಲ್ಲ.

ಸ್ಕ್ಯಾನ್ ಮಾಡಿಸಿದೆವು. ಥೈರಾಯ್ಡ್ ತನ್ನ ಜಾಗದಲ್ಲಿ ಚೆನ್ನಾಗಿತ್ತು, ಗಂಟಿನೊಳಗೆ ಒಂದು ಕಡೆ ಗೋಡೆ ದಪ್ಪಗಿತ್ತು. ಸೂಜಿಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಎರಡನೆಯ ಸಲ ಕೊಯ್ಯುವುದು ಮೊದಲನೆಯದಕ್ಕಿಂತ ಕಷ್ಟ. ಹಳೆಯ ಗಾಯದ ಗಟ್ಟಿಯಲ್ಲಿ ಯಾವುದು ಕೊಳವೆ, ಯಾವುದು ಗಾಯದ ನಾರು ಗೊತ್ತಾಗುವುದಿಲ್ಲ. ಸಿಸ್ಟ್ರಂಕ್ ಹೇಳಿದಂತೆ ಹಳೆಯ ಗಾಯ, ಗಂಟು, ಎಲುಬಿನ ನಡುಭಾಗ, ನಾಲಿಗೆ ಬುಡದವರೆಗಿನ ತಿರುಳು, ಎಲ್ಲ ಒಂದೇ ತುಂಡಾಗಿ ತೆಗೆದೆವು. ಹತ್ತು ದಿನಕ್ಕೆ ಚೀಟಿ ಬಂತು. ಎಂಟು ಮಿಲಿಮೀಟರಿನ ಪ್ಯಾಪಿಲರಿ ಕ್ಯಾನ್ಸರ್. ಗಂಟಿನ ಗೋಡೆ ದಾಟಿಲ್ಲ. ಅಂಚುಗಳೆಲ್ಲ ಶುದ್ಧ.

ಇಲ್ಲಿಂದ ಮುಂದೆ ಏನು ಮಾಡಬೇಕು ಅನ್ನುವುದರಲ್ಲಿ ವೈದ್ಯರಲ್ಲೇ ಎರಡು ಪಂಗಡ. ಥೈರಾಯ್ಡನ್ನೂ ಪೂರ್ತಿ ತೆಗೆದುಬಿಡಿ ಅನ್ನುವವರು ಒಂದು ಕಡೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ: ಕೆಲವರ ಥೈರಾಯ್ಡಿನಲ್ಲೂ ಕ್ಯಾನ್ಸರಿನ ಸಣ್ಣ ಚುಕ್ಕೆ ಸಿಗುತ್ತದೆ, ಗ್ರಂಥಿ ತೆಗೆದರೆ ರೇಡಿಯೋ ಅಯೋಡಿನ್ ಕೊಡಬಹುದು, ಆಮೇಲೆ ರಕ್ತಪರೀಕ್ಷೆಯಲ್ಲೇ ಕಾವಲು ಕಾಯಬಹುದು. ಇನ್ನೊಂದು ಕಡೆಯವರು ಕೇಳುತ್ತಾರೆ: ಚೆನ್ನಾಗಿರುವ ಗ್ರಂಥಿಯನ್ನು ತೆಗೆದು, ಬದುಕೆಲ್ಲ ಬೆಳಿಗ್ಗೆ ಎದ್ದು ಮಾತ್ರೆ ನುಂಗಿಸಿ, ಸ್ವರದ ನರಕ್ಕೆ, ಕ್ಯಾಲ್ಸಿಯಂ ಗ್ರಂಥಿಗಳಿಗೆ ಅಪಾಯ ತಂದು, ನಾವು ಗಳಿಸುವುದೇನು? 2002ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಸರ್ಜನ್ನರು ತಮ್ಮ ರೋಗಿಗಳನ್ನೂ ಅದುವರೆಗೆ ಬೇರೆಯವರು ಪ್ರಕಟಿಸಿದ್ದ ರೋಗಿಗಳ ವಿವರಗಳನ್ನೂ ಸೇರಿಸಿ, ಒಟ್ಟು 62 ಜನರ ಲೆಕ್ಕ ಹಾಕಿದರು. ಮೊದಲ ಆಪರೇಷನ್ ಸಿಸ್ಟ್ರಂಕ್ ರೀತಿಯದೋ, ಬರೀ ಗಂಟು ತೆಗೆದದ್ದೋ ಅನ್ನುವುದೇ ಮುಖ್ಯವಾಯಿತು. ಥೈರಾಯ್ಡನ್ನು ಸೇರಿಸಿ ತೆಗೆದದ್ದರಿಂದ ಬದುಕುಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಒಲವು ಈ ಎರಡನೆಯ ಪಂಗಡದ ಕಡೆಗೆ. ವಯಸ್ಸು ಚಿಕ್ಕದು, ಗೆಡ್ಡೆ ಚಿಕ್ಕದು, ಗೋಡೆ ದಾಟಿಲ್ಲ, ಸ್ಕ್ಯಾನಿನಲ್ಲಿ ಥೈರಾಯ್ಡ್ ಶುದ್ಧ, ಕತ್ತಿನಲ್ಲಿ ಬೇರೆ ಗಂಟಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಬಹುದು. ಇವುಗಳಲ್ಲಿ ಒಂದು ತಪ್ಪಿದರೂ ನಾನು ಥೈರಾಯ್ಡ್ ತೆಗೆಯಬೇಕು ಅನ್ನುವವನೇ. ಕತ್ತಿನ ಗಂಟುಗಳಿಗೆ ಹರಡಿದ್ದರೆ ಅವನ್ನೂ ತೆಗೆಯಬೇಕು.

ಇಷ್ಟನ್ನೂ ಆ ತಾಯಿ ಮಗಳ ಮುಂದೆ ಒಂದು ಗಂಟೆ ಕೂತು ಹೇಳಿದೆ. ತಾಯಿಯ ಚಿಂತೆಯೇ ಬೇರೆ. "ಈ ಕಾಗದದಲ್ಲಿ ಕ್ಯಾನ್ಸರ್ ಅಂತ ಬರೆದಿದ್ದೀರಲ್ಲ ಸಾರ್, ಗಂಡಿನ ಕಡೆಯವರಿಗೆ ಗೊತ್ತಾದ್ರೆ? ಬೇರೆ ಏನಾದ್ರೂ ಬರೆದುಕೊಡೋಕೆ ಆಗಲ್ವಾ?" ಅಂದರು. ಮಗಳು ತಲೆ ತಗ್ಗಿಸಿ ಕೂತಿದ್ದವಳು ಎದ್ದು ಆ ಕಾಗದ ತೆಗೆದುಕೊಂಡು ಬ್ಯಾಗಿನಲ್ಲಿಟ್ಟುಕೊಂಡಳು. "ಅಮ್ಮ, ಹೋದ್ಸಲ ಕಾಗದ ಇಲ್ದಿದ್ದಕ್ಕೇ ತಾನೆ ಇಷ್ಟೆಲ್ಲ? ಇದು ನನ್ ಹತ್ರ ಇರ್ಲಿ. ನಾನೇ ಹೇಳ್ತೀನಿ ಅವ್ರಿಗೆ" ಅಂದಳು.

ಆ ಸಂಬಂಧ ಮುರಿದುಬಿತ್ತು, ಮುಚ್ಚಿಡುವುದೇಕೆ. ಎರಡು ವರ್ಷದ ಮೇಲೆ ಬೇರೆ ಕಡೆ ಮದುವೆಯಾಯಿತು, ಹುಡುಗನನ್ನು ಕರೆದುಕೊಂಡು ಬಂದು ನನ್ನ ಹತ್ತಿರವೇ ಎಲ್ಲ ಕೇಳಿಸಿದಳು. ಗರ್ಭಿಣಿಯಾಗಬಹುದೇ, ಮಗುವಿಗೆ ಬರುತ್ತದೆಯೇ ಅಂತ ಅವನು ಕೇಳಿದ. ಆಗಬಹುದು, ಮತ್ತು ಮಗುವಿಗೆ ಬರುತ್ತದೆ ಅಂತ ಹೆದರಬೇಕಾಗಿಲ್ಲ. ಥೈರಾಯ್ಡ್ ತೆಗೆಯದೆ ಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಸ್ಕ್ಯಾನ್. ಈಗ ಏಳು ವರ್ಷ. ಆ ಒಂದು ದಿನದ ಸಂಬಳ ಹೋಗುತ್ತದೆ ಅಂತ ಪ್ರತಿ ಸಲ ಗೊಣಗುತ್ತಾಳೆ, ಪ್ರತಿ ಸಲ ಬರುತ್ತಾಳೆ.

ಎಲ್ಲ ಹುಟ್ಟುಗಂಟಿನ ಕ್ಯಾನ್ಸರೂ ಇಷ್ಟು ಸೌಮ್ಯ ಅಂತ ತಿಳಿಯಬೇಡಿ. ನೂರರಲ್ಲಿ ಐದರಷ್ಟು ಸ್ಕ್ವಾಮಸ್ ಜಾತಿಯದು. ಅದು ಬೇಗ ಬೆಳೆಯುತ್ತದೆ, ಆಪರೇಷನ್ನಿನ ಮೇಲೆ ರೇಡಿಯೇಷನ್ ಕೂಡ ಬೇಕಾಗುತ್ತದೆ.

ಕೊರಳಿನ ನಡುವೆ ಅಲ್ಲದೆ ಪಕ್ಕದಲ್ಲಿ, ದವಡೆಯ ಮೂಲೆಯ ಕೆಳಗೆ ಬರುವ ಇನ್ನೊಂದು ಹುಟ್ಟುಗಂಟಿದೆ, ಬ್ರ್ಯಾಂಕಿಯಲ್ ಸಿಸ್ಟ್ ಅನ್ನುತ್ತಾರೆ. ಮೆದುವಾಗಿ, ನೀರು ತುಂಬಿದ ಚೆಂಡಿನ ಹಾಗೆ ಇರುತ್ತದೆ. ಅದರಲ್ಲಿಯೂ ಕ್ಯಾನ್ಸರ್ ಹುಟ್ಟುತ್ತದೆ ಅಂತ 1882ರಲ್ಲಿ ಫೋಲ್ಕ್‌ಮನ್ ಅನ್ನುವ ಜರ್ಮನ್ ಸರ್ಜನ್ ಬರೆದರು. 1950ರಲ್ಲಿ ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ಮತ್ತು ಜೊತೆಗಾರರು ಅದನ್ನು ನಂಬುವುದಕ್ಕೆ ಕಠಿಣ ಷರತ್ತು ಹಾಕಿದರು. ಐದು ವರ್ಷ ಕಾವಲು ಕಾದರೂ ಬೇರೆಲ್ಲೂ ಮೂಲ ಸಿಗದಿದ್ದರೆ ಮಾತ್ರ ಒಪ್ಪಬೇಕು ಅನ್ನುವುದು ಅವುಗಳಲ್ಲಿ ಒಂದು. ಆ ಷರತ್ತುಗಳಿಗೆ ನಿಲ್ಲುವ ಉದಾಹರಣೆಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ಟಾನ್ಸಿಲ್‌ನಲ್ಲೋ, ನಾಲಿಗೆ ಬುಡದಲ್ಲೋ, ಥೈರಾಯ್ಡಿನಲ್ಲೋ ಹುಟ್ಟಿದ ಕ್ಯಾನ್ಸರ್ ಕತ್ತಿಗೆ ಇಳಿದು, ಒಳಗೆ ಕರಗಿ ನೀರಾಗಿ, ಹುಟ್ಟುಗಂಟಿನ ವೇಷ ಹಾಕಿಕೊಂಡವು.

ಗಣಿಯಿಂದ ನಿವೃತ್ತರಾದ ಒಬ್ಬ ಅಣ್ಣ ಹೀಗೆ ಬಂದರು. ಐವತ್ತೆಂಟು ವರ್ಷ, ಬೀಡಿ, ಜೊತೆಗೆ ಹೊಗೆಸೊಪ್ಪು. ಪಕ್ಕದಲ್ಲಿ ಮೆತ್ತನೆಯ ಗಂಟು, ನೋವಿಲ್ಲ. ಎಲ್ಲೋ ಸೂಜಿ ಹಾಕಿ ನೋಡಿ, "ನೀರುಗಂಟು, ಹುಟ್ಟಿನಿಂದಲೇ ಇದ್ದಿದ್ದು ಈಗ ತುಂಬಿದೆ" ಅಂದಿದ್ದರಂತೆ. ಅವರು ನಂಬಿದರು, ನೆಂಟರೂ ನಂಬಿದರು. ನಾಲ್ಕು ತಿಂಗಳು ಹೋಯಿತು. ನಾವು ಬಾಯೊಳಗೆ ಲೈಟು ಬಿಟ್ಟು ನೋಡಿದಾಗ ಬಲಗಡೆಯ ಟಾನ್ಸಿಲ್ ಹುಣ್ಣಾಗಿತ್ತು. ಆಪರೇಷನ್, ರೇಡಿಯೇಷನ್ ಎಲ್ಲ ಮಾಡಿದೆವು. ಎರಡನೆಯ ವರ್ಷ ತೀರಿಕೊಂಡರು. ಆ ನಾಲ್ಕು ತಿಂಗಳು ಸಿಕ್ಕಿದ್ದರೆ ಬದುಕುತ್ತಿದ್ದರು ಅಂತ ನಾನು ಆಣೆ ಮಾಡಲಾರೆ. ಆದರೆ ಐವತ್ತೆಂಟನೆಯ ವಯಸ್ಸಿನಲ್ಲಿ ಯಾರಿಗೂ ಹುಟ್ಟುಗಂಟು ಹೊಸದಾಗಿ ಹುಟ್ಟುವುದಿಲ್ಲ ಅಂತ ಮೊದಲು ಯೋಚಿಸಬೇಕು. ನಲವತ್ತು ದಾಟಿದವರ ಕತ್ತಿನ ಪಕ್ಕ ಹೊಸ ಗಂಟು ಬಂದು ಮೂರು ವಾರ ಇಳಿಯದಿದ್ದರೆ, ಅದು ಕ್ಯಾನ್ಸರ್ ಅಲ್ಲ ಅಂತ ಖಚಿತವಾಗುವ ತನಕ ಕ್ಯಾನ್ಸರ್ ಅಂತಲೇ ನೋಡಬೇಕು. ಬಾಯಿ, ಗಂಟಲು, ಮೂಗಿನ ಹಿಂಭಾಗ ಪೂರ್ತಿ ಪರೀಕ್ಷೆ ಆಗುವ ಮುಂಚೆ ಆ ಗಂಟನ್ನು ಕೊಯ್ಯಲು ಬಿಡಬೇಡಿ.

ಎಲ್ಲಿಗೆ ಹೋಗಬೇಕು ಅಂತ ಕೇಳುತ್ತೀರಿ. ಹತ್ತಿರದಲ್ಲಿ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ. ಬಿ.ಪಿ.ಎಲ್. ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಮೊದಲೇ ವಿಚಾರಿಸಿ, ಕಾರ್ಡು ಮನೆಯಲ್ಲಿ ಬಿಟ್ಟು ಬರಬೇಡಿ. ದೇಹದಿಂದ ಯಾವ ಗಂಟು ತೆಗೆಸಿದರೂ, ಕೊರಳಿನದೇ ಆಗಬೇಕಾಗಿಲ್ಲ, "ಇದನ್ನು ಪರೀಕ್ಷೆಗೆ ಕಳಿಸಿದ್ದೀರಾ, ರಿಪೋರ್ಟು ಯಾವತ್ತು ಬರುತ್ತೆ?" ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರು ನನಗೆ ಇದುವರೆಗೆ ಸಿಕ್ಕಿಲ್ಲ. ಗಂಟನ್ನು ಮೇಣದಲ್ಲಿ ಕೂರಿಸಿ ಪೆಥಾಲಜಿಯವರು ಇಟ್ಟಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ಆ ಮೇಣದ ಅಚ್ಚನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ತೆಗೆದುಕೊಂಡು ಹೋಗಬಹುದು.

ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಕೋರಿಕೆ. ಶಾಲೆಯ ಆರೋಗ್ಯ ತಪಾಸಣೆಗೆ ತಂಡ ಬರುವ ದಿನ, ಕಾಲರ್ ಗುಂಡಿ ಹಾಕಿಕೊಂಡು ಅಥವಾ ದುಪಟ್ಟಾ ಸುತ್ತಿಕೊಂಡು ಕೊರಳು ಮುಚ್ಚಿಕೊಳ್ಳುವ ಮಕ್ಕಳನ್ನು ಸ್ವಲ್ಪ ಗಮನಿಸಿ. ಎಲ್ಲರ ಮುಂದೆ ಬೇಡ, ಪಕ್ಕಕ್ಕೆ ಕರೆದು ತೋರಿಸಿ. ಆ ಹುಡುಗಿಯೂ ಹೀಗೇ ಮುಚ್ಚಿಕೊಂಡು ಹತ್ತನೆಯ ತರಗತಿ ಮುಗಿಸಿದವಳು.

ಊಟದ ಮೇಲೆ ನಾಲ್ಕು ಗಂಟೆಯವರೆಗೆ ಎಂಟನೇ ತರಗತಿ 'ಬಿ' ಸೆಕ್ಷನ್ನಿನ ಕೋಣೆಯಲ್ಲಿ ಕೂತಿರುತ್ತೇನೆ. ಗಂಟು ಇರುವವರು ಬನ್ನಿ. ಹಳೆಯ ಆಪರೇಷನ್ ಆದವರು ಮನೆಗೆ ಹೋಗಿ ಕಾಗದ ಹುಡುಕಿಕೊಂಡು ಬನ್ನಿ, ಟ್ರಂಕಿನ ತಳದಲ್ಲಿ ಇದ್ದರೂ ಪರವಾಗಿಲ್ಲ. ಸಂಜೆಯ ರೈಲಿಗೆ ನಾನು ಹೊರಡಬೇಕು.